ಎಂಪಿಎಲ್‌ಎಸ್ ಮತ್ತು ಕ್ಯೂಒಎಸ್: ಕರೆಯ ಧ್ವನಿ ಒಡೆಯದಂತೆ ನೋಡಿಕೊಳ್ಳುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಾಂಚ್ ಆಫೀಸುಗಳ ನೆಟ್‌ವರ್ಕ್ ನೋಡಿಕೊಳ್ಳುವವರು, ಆಪರೇಟರ್ ಕಂಪನಿಗಳಿಗೆ ಹೊಸದಾಗಿ ಸೇರಿದವರು, ಸರ್ಟಿಫಿಕೇಷನ್‌ಗೆ ಓದುತ್ತಿರುವವರು – ಎಲ್ಲರಿಂದಲೂ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಎಂಪಿಎಲ್‌ಎಸ್ ಅಂದರೆ ಪ್ಯಾಕೆಟ್‌ಗಳನ್ನು (ಡೇಟಾದ ಚಿಕ್ಕ ತುಂಡುಗಳನ್ನು) ಲೇಬಲ್ ನೋಡಿ ಸಾಗಿಸುವ ರೀತಿ. ಕ್ಯೂಒಎಸ್ ಅಂದರೆ ದಟ್ಟಣೆಯಲ್ಲಿ ಯಾವ ಟ್ರಾಫಿಕ್ ಮೊದಲು ಹೋಗಬೇಕು ಎಂದು ಗೊತ್ತು ಮಾಡುವುದು.

ನನ್ನ ಅಭಿಪ್ರಾಯ ಒಂದನ್ನು ಮೊದಲೇ ಹೇಳಿಬಿಡುತ್ತೇನೆ. ಧ್ವನಿ ಕೆಟ್ಟ ತಕ್ಷಣ ಎಲ್ಲರೂ ಆಪರೇಟರ್‌ನ ಬ್ಯಾಕ್‌ಬೋನ್ (ಒಳಗಿನ ಮುಖ್ಯ ನೆಟ್‌ವರ್ಕ್) ಮೇಲೆ ಅನುಮಾನ ಪಡುತ್ತಾರೆ. ತೊಂದರೆ ಇರುವುದು ಬಹಳಷ್ಟು ಸಲ ಎರಡು ತುದಿಗಳಲ್ಲಿ, ಲಿಂಕಿನ ವೇಗ ಒಮ್ಮೆಲೇ ಇಳಿಯುವ ಜಾಗದಲ್ಲಿ. ಅದಕ್ಕೇ ಕೆಳಗೆ ಆ ತುದಿಗಳಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

## ಮೊದಲ ಪಾಠ

ಎಂಪಿಎಲ್‌ಎಸ್ ಅಂದ್ರೆ ಏನು? ಐಪಿ ಅಡ್ರೆಸ್ ಇದ್ದ ಮೇಲೆ ಲೇಬಲ್ ಯಾಕೆ ಬೇಕು?

ಸಾಮಾನ್ಯ ಐಪಿ ನೆಟ್‌ವರ್ಕಿನಲ್ಲಿ ಪ್ರತಿ ರೌಟರ್ ಕೂಡ ಪ್ಯಾಕೆಟ್ ಬಂದಾಗ ಅದು ಹೋಗಬೇಕಾದ ಅಡ್ರೆಸ್ ನೋಡುತ್ತದೆ. ತನ್ನ ಟೇಬಲ್ ಹುಡುಕುತ್ತದೆ. ತನಗೆ ಸರಿ ಕಂಡ ಕಡೆ ಕಳಿಸುತ್ತದೆ. ಮುಂದಿನ ರೌಟರ್ ಮತ್ತೆ ಮೊದಲಿಂದ ಅದೇ ಕೆಲಸ ಮಾಡುತ್ತದೆ.

ಎಂಪಿಎಲ್‌ಎಸ್‌ನಲ್ಲಿ ಈ ತೀರ್ಮಾನ ಒಂದೇ ಸಲ, ನೆಟ್‌ವರ್ಕಿನ ಬಾಗಿಲಲ್ಲೇ ಆಗುತ್ತದೆ. ಅಂಚಿನಲ್ಲಿರುವ ರೌಟರ್ (ಇದನ್ನು ಪಿಇ ಎನ್ನುತ್ತಾರೆ) ಪ್ಯಾಕೆಟ್ ಯಾವ ಗುಂಪಿಗೆ ಸೇರಿದ್ದು ಎಂದು ನೋಡಿ ಒಂದು ಲೇಬಲ್ ಅಂಟಿಸುತ್ತದೆ. ಒಳಗಿನ ರೌಟರ್‌ಗಳು ಐಪಿ ಅಡ್ರೆಸ್ ಕಡೆ ತಿರುಗಿಯೂ ನೋಡುವುದಿಲ್ಲ. ಬಂದ ಲೇಬಲ್ ನೋಡಿ, ಅದನ್ನು ತೆಗೆದು ಹೊಸದನ್ನು ಹಾಕಿ, ಮುಂದಕ್ಕೆ ಕಳಿಸುತ್ತವೆ. ಹೀಗೆ ಮೊದಲೇ ಗೊತ್ತಾದ ದಾರಿಗೆ ಎಲ್‌ಎಸ್‌ಪಿ ಎಂದು ಹೆಸರು. ದಾರಿಯನ್ನು ಮೊದಲೇ ಗೊತ್ತು ಮಾಡಬಹುದು ಅನ್ನೋದೇ ಇಲ್ಲಿಯ ದೊಡ್ಡ ಲಾಭ. ಒಂದೇ ಊರಿಗೆ ಹೋಗುವ ಧ್ವನಿಯನ್ನು ಒಂದು ದಾರಿಯಲ್ಲಿ, ಬ್ಯಾಕಪ್ ಟ್ರಾಫಿಕನ್ನು ಇನ್ನೊಂದು ದಾರಿಯಲ್ಲಿ ಕಳಿಸಬಹುದು.

ಒಂದು ಲೇಬಲ್ ಒಳಗೆ ಏನೇನಿರುತ್ತೆ?

ಒಟ್ಟು 32 ಬಿಟ್, ಅಂದರೆ 4 ಬೈಟ್. ಅದರಲ್ಲಿ 20 ಬಿಟ್ ಲೇಬಲ್ ಸಂಖ್ಯೆ, 3 ಬಿಟ್ ಟ್ರಾಫಿಕ್ ಕ್ಲಾಸ್, 1 ಬಿಟ್ ‘ಇದೇ ಕೊನೆಯ ಲೇಬಲ್’ ಎಂದು ಹೇಳಲು, 8 ಬಿಟ್ ಟಿಟಿಎಲ್ (ಪ್ಯಾಕೆಟ್ ಸುತ್ತುತ್ತಲೇ ಇರದಂತೆ ತಡೆಯುವ ಎಣಿಕೆ). ಇದು ಈಥರ್‌ನೆಟ್ ಹೆಡರ್‌ಗೂ ಐಪಿ ಹೆಡರ್‌ಗೂ ನಡುವೆ ಕೂರುತ್ತದೆ. ಒಂದರ ಮೇಲೊಂದು ಎಷ್ಟು ಲೇಬಲ್ ಬೇಕಾದರೂ ಪೇರಿಸಬಹುದು.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ನಡುವಿನ ಆ 3 ಬಿಟ್. ಹಳೆಯ ಪುಸ್ತಕಗಳಲ್ಲಿ ಇದಕ್ಕೆ ಇಎಕ್ಸ್‌ಪಿ ಎಂದಿದೆ. 2009ರಲ್ಲಿ ಟ್ರಾಫಿಕ್ ಕ್ಲಾಸ್ ಎಂದು ಹೆಸರು ಬದಲಿಸಿದರು. ಕೆಲಸದವರ ಬಾಯಲ್ಲಿ ಇವತ್ತಿಗೂ ಇಎಕ್ಸ್‌ಪಿಯೇ. ಪ್ಯಾಕೆಟ್ ಎಲ್ಲಿಗೆ ಹೋಗಬೇಕು ಎಂದು ಹೇಳುವುದು 20 ಬಿಟ್. ಸಾಲಿನಲ್ಲಿ ಯಾವಾಗ ಅದರ ಸರದಿ ಎಂದು ಹೇಳುವುದು 3 ಬಿಟ್.

ಎಂಪಿಎಲ್‌ಎಸ್ ಹಾಕಿಸಿದ್ರೆ ನೆಟ್ ಸ್ಪೀಡ್ ಜಾಸ್ತಿ ಆಗುತ್ತಾ?

ಆಗುವುದಿಲ್ಲ. ಈ ಮಾತು ಹುಟ್ಟಿಕೊಂಡದ್ದಕ್ಕೆ ಕಾರಣ ಇದೆ. 1990ರ ದಶಕದ ಮಧ್ಯದಲ್ಲಿ ಐಪಿ ಅಡ್ರೆಸ್ ಹುಡುಕುವುದು ರೌಟರ್‌ಗಳಿಗೆ ಭಾರವಾದ ಕೆಲಸವಾಗಿತ್ತು. ಚಿಕ್ಕ ಲೇಬಲ್ ನೋಡಿ ಸಾಗಿಸಿದರೆ ಬೇಗ ಆಗುತ್ತದೆ ಎಂದು 1996ರ ಸುಮಾರಿಗೆ ಇಪ್ಸಿಲಾನ್, ಸಿಸ್ಕೊ, ಐಬಿಎಂ, ತೋಷಿಬಾ ಎಲ್ಲರೂ ತಮ್ಮ ತಮ್ಮ ದಾರಿ ಹುಡುಕುತ್ತಿದ್ದರು. ಇಂಟರ್ನೆಟ್ ಮಾನದಂಡ ಮಾಡುವ ಸಂಸ್ಥೆ ಐಇಟಿಎಫ್ 1997ರಲ್ಲಿ ಇದಕ್ಕೊಂದು ಗುಂಪು ಮಾಡಿತು. 2001ರ ಜನವರಿಯಲ್ಲಿ ಎಂಪಿಎಲ್‌ಎಸ್‌ನ ಮೂಲ ದಾಖಲೆ, ಆರ್‌ಎಫ್‌ಸಿ 3031 ಬಂತು. ಅಷ್ಟರಲ್ಲಿ ಚಿಪ್‌ಗಳೇ ಪೂರ್ತಿ ವೇಗದಲ್ಲಿ ಐಪಿ ಹುಡುಕುವಷ್ಟು ಬೆಳೆದಿದ್ದವು. ವೇಗದ ಕಾರಣ ಹೋಯಿತು, ವಿಪಿಎನ್ (ಒಂದು ಕಂಪನಿಯ ಆಫೀಸುಗಳನ್ನು ಜೋಡಿಸುವ ಖಾಸಗಿ ನೆಟ್‌ವರ್ಕ್) ಮತ್ತು ದಾರಿ ಆಯ್ಕೆಯ ಕಾರಣ ಉಳಿಯಿತು.

ದೊಡ್ಡ ದೊಡ್ಡ ಫೈಲ್ ಹೋಗೋ ಲಿಂಕಲ್ಲಿ ಒಂದು ಸಣ್ಣ ಫೋನ್ ಕರೆ ಹೋಗೋಕೆ ಏನ್ ಕಷ್ಟ?

ಕರೆಗೆ ಬೇಕಾದ ಜಾಗ ನಿಜಕ್ಕೂ ಸಣ್ಣದು. ಜಿ.711 ಕೋಡೆಕ್‌ನಲ್ಲಿ (ಧ್ವನಿಯನ್ನು ಡಿಜಿಟಲ್ ಮಾಡುವ ವಿಧಾನ) ಧ್ವನಿ ಸೆಕೆಂಡಿಗೆ 64 ಕಿಲೊಬಿಟ್. ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್, ಅಂದರೆ ಸೆಕೆಂಡಿಗೆ 50. ಒಂದೊಂದರಲ್ಲಿ 160 ಬೈಟ್ ಧ್ವನಿ. ಅದಕ್ಕೆ ಆರ್‌ಟಿಪಿ, ಯುಡಿಪಿ, ಐಪಿ ಹೆಡರ್ ಸೇರಿ 40 ಬೈಟ್. ಒಟ್ಟು 200 ಬೈಟ್, 80 ಕೆಬಿಪಿಎಸ್. ಈಥರ್‌ನೆಟ್‌ನ 18 ಬೈಟ್ ಸೇರಿಸಿದರೆ 87.2. ಎರಡು ಎಂಪಿಎಲ್‌ಎಸ್ ಲೇಬಲ್ ಏರಿದರೆ 90.4.

ಕಷ್ಟ ಇರುವುದು ಕಾಯುವುದರಲ್ಲಿ. 2 ಎಂಬಿಪಿಎಸ್ ಲಿಂಕಿನಲ್ಲಿ 1500 ಬೈಟಿನ ಒಂದು ಪ್ಯಾಕೆಟ್ ಹೊರಗೆ ಹೋಗಲು 6 ಮಿಲಿಸೆಕೆಂಡ್ ಬೇಕು. ಅಂಥ 64 ಪ್ಯಾಕೆಟ್ ಮುಂದೆ ನಿಂತಿದ್ದರೆ ಹಿಂದಿರುವ ನಿಮ್ಮ ಪುಟ್ಟ ಧ್ವನಿ ಪ್ಯಾಕೆಟ್ 384 ಮಿಲಿಸೆಕೆಂಡ್ ಕಾಯಬೇಕು. ಫೈಲ್‌ಗೆ ಈ ತಡ ಗೊತ್ತೇ ಆಗುವುದಿಲ್ಲ. ಕಳೆದುಹೋದದ್ದನ್ನು ಫೈಲ್ ಸಾಗಿಸುವ ಪ್ರೋಟೊಕಾಲ್ ಆದ ಟಿಸಿಪಿ ಮತ್ತೆ ಕಳಿಸುತ್ತದೆ. ಮಾತಿನಲ್ಲಿ ಹಾಗಾಗುವುದಿಲ್ಲ. ತಡವಾಗಿ ಬಂದ ಧ್ವನಿ ಪ್ಯಾಕೆಟ್‌ನಿಂದ ಕೇಳುವವರಿಗೆ ಉಪಯೋಗ ಇಲ್ಲ. ಫೋನ್ ಅದನ್ನು ಬಿಸಾಡುತ್ತದೆ.

150 ಮಿಲಿಸೆಕೆಂಡ್ ಅಂತ ಎಲ್ಲರೂ ಹೇಳ್ತಾರೆ. ಅದು ಎಲ್ಲೆಲ್ಲಿ ಖರ್ಚಾಗುತ್ತೆ?

ಬಾಯಿಂದ ಕಿವಿಗೆ ಒಂದು ಕಡೆಯ ತಡ 150 ಮಿಲಿಸೆಕೆಂಡಿನ ಒಳಗಿದ್ದರೆ ಹೆಚ್ಚಿನ ಬಳಕೆಗೆ ತೊಂದರೆ ಇಲ್ಲ, 400 ದಾಟಬಾರದು – ಇದು ಟೆಲಿಕಾಂ ಮಾನದಂಡ ಸಂಸ್ಥೆ ಐಟಿಯು-ಟಿಯ ಜಿ.114 ಶಿಫಾರಸು. ತಡ ಜಾಸ್ತಿಯಾದಾಗ ಇಬ್ಬರೂ ಒಟ್ಟಿಗೆ ಮಾತು ಶುರು ಮಾಡಿ, ಒಟ್ಟಿಗೆ ನಿಲ್ಲಿಸಿ, ‘ಹಲೋ, ಕೇಳಿಸ್ತಿದೆಯಾ?’ ಅನ್ನುವುದನ್ನು ನೀವೇ ಕಂಡಿರುತ್ತೀರಿ.

ಬೆಂಗಳೂರಿನಿಂದ ದೆಹಲಿಗೆ ಲೆಕ್ಕ ಹಾಕೋಣ. ಧ್ವನಿಯನ್ನು ಪ್ಯಾಕೆಟ್‌ಗೆ ತುಂಬಲು 20 ಮಿಲಿಸೆಕೆಂಡ್. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ. ದಾರಿ 2,000 ಕಿ.ಮೀ.ಗಿಂತ ಜಾಸ್ತಿ, ಆದ್ದರಿಂದ 10 ಮಿಲಿಸೆಕೆಂಡಿಗೂ ಮೇಲೆ. ಕೇಳುವ ಕಡೆಯ ಜಿಟರ್ ಬಫರ್ (ಹಿಂದೆಮುಂದೆ ಬರುವ ಪ್ಯಾಕೆಟ್‌ಗಳನ್ನು ಸ್ವಲ್ಪ ಹಿಡಿದಿಟ್ಟು ಸಮ ಮಾಡುವುದು) ಇನ್ನೊಂದು 40–60 ತಿನ್ನುತ್ತದೆ. ಇವುಗಳಲ್ಲಿ ಬೆಳಕಿನ ತಡವನ್ನು ಯಾರೂ ಕಡಿಮೆ ಮಾಡಲಾರರು. ನೆಟ್‌ವರ್ಕ್ ನೋಡಿಕೊಳ್ಳುವವರ ಕೈಯಲ್ಲಿರುವುದು ಕ್ಯೂನಲ್ಲಿ ಕಾಯುವ ಸಮಯ ಮಾತ್ರ. ಅದು ಏರಿಳಿದರೆ ಜಿಟರ್. ಜಿಟರ್ ಜಾಸ್ತಿಯಾದರೆ ಬಫರ್ ಇನ್ನೂ ದೊಡ್ಡದಾಗಬೇಕು, ಆಗ ತಡವೂ ಬೆಳೆಯುತ್ತದೆ.

## ಗುರುತು ಮತ್ತು ಸಾಲು

ಡಿಎಸ್‌ಸಿಪಿ 46 ಅಂತಾರೆ, ಇಎಕ್ಸ್‌ಪಿ 5 ಅಂತಾರೆ. ಎರಡೂ ಒಂದೇನಾ?

ಪ್ಯಾಕೆಟ್ ಯಾವ ದರ್ಜೆಯದು ಎಂಬ ಒಂದೇ ವಿಷಯವನ್ನು ಎರಡು ಜಾಗದಲ್ಲಿ ಬರೆದದ್ದು. ಡಿಎಸ್‌ಸಿಪಿ ಇರುವುದು ಐಪಿ ಹೆಡರ್‌ನಲ್ಲಿ, 6 ಬಿಟ್, ಹಾಗಾಗಿ 64 ಬೆಲೆಗಳು. ಧ್ವನಿಗೆ ಬಳಸುವ ಇಎಫ್ ಎಂಬ ಗುರುತು 46. ಬೈನರಿಯಲ್ಲಿ 101110. ಲೇಬಲ್‌ನಲ್ಲಿ ಇರುವುದು ಮೂರೇ ಬಿಟ್, ಆದ್ದರಿಂದ ಸಾಮಾನ್ಯವಾಗಿ ಮೊದಲ ಮೂರನ್ನು ತೆಗೆದುಕೊಳ್ಳುತ್ತಾರೆ: 101, ಅಂದರೆ 5. ವಿಡಿಯೊ ಮೀಟಿಂಗ್‌ಗೆ ಬಳಸುವ ಎಎಫ್41 ಅಂದರೆ 34, ಬೈನರಿಯಲ್ಲಿ 100010, ಅದು 4 ಆಗುತ್ತದೆ.

ಇಲ್ಲಿ 64 ಬಗೆ ಇದ್ದದ್ದು 8 ಬಗೆಗೆ ಇಳಿಯಿತು ಅನ್ನೋದನ್ನು ಗಮನಿಸಿ. ನೀವು ಆಫೀಸಿನಲ್ಲಿ ಹನ್ನೆರಡು ಕ್ಲಾಸ್ ಮಾಡಿಕೊಂಡಿದ್ದರೂ ಆಪರೇಟರ್ ಒಳಗೆ ಅವು ನಾಲ್ಕೋ ಆರೋ ಆಗಿ ಸೇರಿಕೊಂಡಿರುತ್ತವೆ. ನನ್ನ ಮಟ್ಟಿಗೆ ನಾಲ್ಕು ಕ್ಲಾಸ್ ಸಾಕು: ಧ್ವನಿ, ವಿಡಿಯೊ, ಮುಖ್ಯ ಡೇಟಾ, ಉಳಿದದ್ದು. ಜಾಸ್ತಿ ಮಾಡಿದಷ್ಟೂ ತಪ್ಪು ಹುಡುಕುವುದು ಕಷ್ಟ.

ಬ್ಯಾಂಡ್‌ವಿಡ್ತ್ ಡಬಲ್ ಮಾಡಿಸಿದ್ರೆ ಕ್ಯೂಒಎಸ್ ಗೋಜೇ ಬೇಡ ಅಲ್ವಾ?

ಕೆಲವು ಕಡೆ ಈ ಮಾತು ಸರಿ. ದಟ್ಟಣೆ ಯಾವತ್ತೂ ಆಗದ ಲಿಂಕಿನಲ್ಲಿ ಕ್ಯೂಒಎಸ್‌ಗೆ ಕೆಲಸವೇ ಇಲ್ಲ. ಆದರೆ ಐದು ನಿಮಿಷದ ಸರಾಸರಿ ಗ್ರಾಫ್ ನೋಡಿ ‘ಲಿಂಕ್ 40 ಪರ್ಸೆಂಟ್ ಅಷ್ಟೇ’ ಅನ್ನಬೇಡಿ. ಆ ಐದು ನಿಮಿಷದೊಳಗೆ ನೂರಾರು ಸಲ ಲಿಂಕ್ ಅರೆಕ್ಷಣ ಪೂರ್ತಿ ತುಂಬಿ ಖಾಲಿಯಾಗಿರಬಹುದು. ಗ್ರಾಫ್‌ಗೆ ಅದು ಕಾಣುವುದಿಲ್ಲ, ಧ್ವನಿಗೆ ಕಾಣುತ್ತದೆ. ಇನ್ನೊಂದು ವಿಷಯ, ಟಿಸಿಪಿ ಎಷ್ಟು ಜಾಗ ಸಿಕ್ಕರೂ ತುಂಬಲು ನೋಡುತ್ತದೆ. ಲಿಂಕ್ ಡಬಲ್ ಮಾಡಿದರೆ ಬ್ಯಾಕಪ್ ಬೇಗ ಮುಗಿಯುತ್ತದೆ. ಅದು ನಡೆಯುವ ಹೊತ್ತಿನಲ್ಲಿ ಕ್ಯೂ ಮತ್ತೆ ತುಂಬಿರುತ್ತದೆ.

ತದ್ವಿರುದ್ಧ ತಪ್ಪೂ ಅಷ್ಟೇ ಸಾಮಾನ್ಯ. ದಿನವಿಡೀ ತುಂಬಿ ತುಳುಕುವ ಲಿಂಕಿಗೆ ಕ್ಯೂಒಎಸ್ ಹಾಕಿದರೆ ಧ್ವನಿ ಸರಿಹೋಗುತ್ತದೆ, ಆದರೆ ಆ ಕಷ್ಟವೆಲ್ಲ ಉಳಿದ ಟ್ರಾಫಿಕ್‌ನ ಪಾಲಿಗೆ ಬರುತ್ತದೆ. ಅಂಥ ಕಡೆ ದುಡ್ಡು ಖರ್ಚು ಮಾಡಿ ಲಿಂಕ್ ಹೆಚ್ಚಿಸಲೇಬೇಕು.

ಎಲ್ಲಾ ಆ್ಯಪ್‌ಗೂ ಟಾಪ್ ಪ್ರಿಯಾರಿಟಿ ಕೊಟ್ಬಿಟ್ರೆ ಏನ್ ತೊಂದ್ರೆ?

ತಿರುಪತಿಯಲ್ಲಿ ಎಲ್ಲರಿಗೂ ವಿಶೇಷ ದರ್ಶನದ ಚೀಟಿ ಕೊಟ್ಟರೆ ಆ ಸಾಲೂ ಸಾಮಾನ್ಯ ಸಾಲಿನಷ್ಟೇ ಉದ್ದ ಆಗುತ್ತದೆ. ಇಲ್ಲೂ ಅಷ್ಟೇ. ಅದಕ್ಕಾಗಿಯೇ ಪ್ರಿಯಾರಿಟಿ ಕ್ಯೂಗೆ ಯಾವಾಗಲೂ ಒಂದು ಮಿತಿ ಇರುತ್ತದೆ. ಲಿಂಕಿನ ಮೂರನೇ ಒಂದು ಭಾಗ ದಾಟಬೇಡಿ ಅನ್ನೋದು ಹಳಬರ ಲೆಕ್ಕ.

ಈ ಮಿತಿಯ ಲೆಕ್ಕ ಬಹಳ ಜನಕ್ಕೆ ಗೊತ್ತಿರುವುದಿಲ್ಲ. 10 ಎಂಬಿಪಿಎಸ್ ಲಿಂಕಿನಲ್ಲಿ ಧ್ವನಿಗೆ 3 ಎಂಬಿಪಿಎಸ್ ಇಟ್ಟಿದ್ದೀರಿ ಎಂದುಕೊಳ್ಳಿ. ಜಿ.711 ಕರೆಗೆ 87.2 ಕೆಬಿಪಿಎಸ್ ಲೆಕ್ಕದಲ್ಲಿ 34 ಕರೆ ಹಿಡಿಸುತ್ತದೆ. 35ನೇ ಕರೆ ಬಂದಾಗ, ಲಿಂಕ್ ದಟ್ಟವಾಗಿದ್ದರೆ, ರೌಟರ್ ಮಿತಿ ಮೀರಿದ್ದನ್ನು ಬಿಸಾಡಲು ಶುರು ಮಾಡುತ್ತದೆ. ಯಾವ ಪ್ಯಾಕೆಟ್ ಯಾವ ಕರೆಯದ್ದು ಎಂದು ಅದಕ್ಕೆ ಗೊತ್ತಿಲ್ಲ. ಹಾಗಾಗಿ ಕೆಡುವುದು 35ನೇ ಕರೆ ಮಾತ್ರ ಅಲ್ಲ, 35ಕ್ಕೆ 35ರಲ್ಲೂ ಅಲ್ಲಲ್ಲಿ ಧ್ವನಿ ಒಡೆಯುತ್ತದೆ. ಇದನ್ನು ತಡೆಯುವ ಜಾಗ ರೌಟರ್ ಅಲ್ಲ, ಫೋನ್ ಸಿಸ್ಟಂ. 34 ಆದ ಮೇಲೆ ಬ್ಯುಸಿ ಟೋನ್ ಕೊಡುವ ವ್ಯವಸ್ಥೆ, ಅಂದರೆ ಕಾಲ್ ಅಡ್ಮಿಷನ್ ಕಂಟ್ರೋಲ್, ಅಲ್ಲಿ ಇರಲೇಬೇಕು.

ನಮ್ಮ ರೌಟರಲ್ಲಿ ಕ್ಯೂಒಎಸ್ ಸರಿಯಾಗೇ ಬರೆದಿದ್ದೀವಿ. ಆದ್ರೂ ಬೆಳಿಗ್ಗೆ ಹತ್ತು ಗಂಟೆ ಆದ್ರೆ ಸಾಕು, ಧ್ವನಿ ಕಟ್ ಕಟ್ ಆಗುತ್ತೆ. ಯಾಕೆ?

ಈ ದೂರಿನ ಹಿಂದೆ ನಾನು ಅತಿ ಹೆಚ್ಚು ಕಂಡ ಕಾರಣ ಒಂದೇ, ಅದನ್ನು ಬಿಡಿಸಿ ಹೇಳುತ್ತೇನೆ.

ನೀವು ಕೊಂಡದ್ದು 10 ಎಂಬಿಪಿಎಸ್. ಆಪರೇಟರ್ ತಂದು ಚುಚ್ಚಿದ ಕೇಬಲ್ ಗಿಗಾಬಿಟ್ ಈಥರ್‌ನೆಟ್. ನಿಮ್ಮ ರೌಟರ್‌ಗೆ ಕಾಣುವುದು 1 ಜಿಬಿಪಿಎಸ್ ಪೋರ್ಟ್. ಅದರ ಮಟ್ಟಿಗೆ ದಟ್ಟಣೆ ಅನ್ನೋದೇ ಇಲ್ಲ. ದಟ್ಟಣೆ ಇಲ್ಲದಿದ್ದರೆ ಸಾಲು ಕಟ್ಟುವುದಿಲ್ಲ, ಸಾಲೇ ಇಲ್ಲದಿದ್ದರೆ ಧ್ವನಿಯನ್ನು ಮುಂದೆ ಬಿಡುವ ಪ್ರಶ್ನೆಯೂ ಇಲ್ಲ. ಬಂದದ್ದೆಲ್ಲ ಬಂದ ಹಾಗೆ ಹೊರಗೆ ಹೋಗುತ್ತದೆ.

ಆಚೆ ಬದಿಯಲ್ಲಿ ಆಪರೇಟರ್‌ನ ರೌಟರ್ 10 ಎಂಬಿಪಿಎಸ್‌ಗೆ ಪೊಲೀಸರ್ (ವೇಗದ ಮಿತಿ ದಾಟದಂತೆ ತಡೆಯುವ ವ್ಯವಸ್ಥೆ) ಹಾಕಿ ಕುಳಿತಿರುತ್ತದೆ. ಪೊಲೀಸರ್ ಸಾಲು ಕಟ್ಟುವುದಿಲ್ಲ. ಮಿತಿ ದಾಟಿದ್ದನ್ನು ಅಲ್ಲೇ ಬಿಸಾಡುತ್ತದೆ. ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಬಂದು ಮೇಲ್ ತೆರೆಯುತ್ತಾರೆ. ಒಬ್ಬರ ಕಂಪ್ಯೂಟರ್ 64 ಕಿಲೊಬೈಟ್ ಒಟ್ಟಿಗೆ ಕಳಿಸಿತು ಎಂದುಕೊಳ್ಳಿ. ಗಿಗಾಬಿಟ್ ಪೋರ್ಟಿನಿಂದ ಅದು ಸುಮಾರು ಅರ್ಧ ಮಿಲಿಸೆಕೆಂಡಿನಲ್ಲಿ ಹೊರಬಿತ್ತು. ಆದರೆ 10 ಎಂಬಿಪಿಎಸ್ ಲೆಕ್ಕದಲ್ಲಿ ಅದಕ್ಕೆ 50 ಮಿಲಿಸೆಕೆಂಡಿಗೂ ಜಾಸ್ತಿ ಹಿಡಿಯಬೇಕಿತ್ತು. ಪೊಲೀಸರ್‌ನ ಮಿತಿ ಅಲ್ಲೇ ಮುಗಿಯಿತು. ಅದರ ಹಿಂದೆಯೇ ಬಂದ ಧ್ವನಿ ಪ್ಯಾಕೆಟ್‌ನ ಹಣೆಯಲ್ಲಿ 46 ಎಂದು ಬರೆದಿದ್ದರೂ, ಪೊಲೀಸರ್ ಕ್ಲಾಸ್ ನೋಡದೆ ಎಲ್ಲಕ್ಕೂ ಸೇರಿ ಒಂದೇ ಇದ್ದರೆ, ಅದೂ ಕಸದ ಬುಟ್ಟಿಗೆ.

ನಿಮ್ಮ ರೌಟರಿನಲ್ಲಿ ‘ಶೋ ಪಾಲಿಸಿ-ಮ್ಯಾಪ್ ಇಂಟರ್‌ಫೇಸ್’ ಕಮಾಂಡ್ (ಸಿಸ್ಕೊ ರೌಟರ್‌ನದು) ಕೊಟ್ಟು ನೋಡಿ. ಎಲ್ಲ ಕ್ಲಾಸಿನಲ್ಲೂ ಕ್ಯೂ ಡೆಪ್ತ್ ಸೊನ್ನೆ, ಡ್ರಾಪ್ ಸೊನ್ನೆ. ನೋಡಿದವರು ‘ನಮ್ಮ ಕಡೆ ಎಲ್ಲ ಸರಿ ಇದೆ’ ಎಂದು ಟಿಕೆಟ್ ಎತ್ತುತ್ತಾರೆ. ದೂರು ಬರುತ್ತಿರುವಾಗಲೂ ಅಲ್ಲಿ ಬರೀ ಸೊನ್ನೆ ಕಂಡರೆ ಅನುಮಾನ ಪಡಿ. ನಿಮ್ಮ ಕ್ಯೂಒಎಸ್ ಒಮ್ಮೆಯೂ ಕೆಲಸಕ್ಕೇ ಬಂದಿಲ್ಲ ಎಂದು ಅದರ ಅರ್ಥ.

ಪರಿಹಾರ ಹೀಗೆ. ಹೊರಗಿನ ಪಾಲಿಸಿಯಾಗಿ ಒಂದು ಶೇಪರ್ ಹಾಕಿ, ಕೊಂಡದ್ದಕ್ಕಿಂತ ಸ್ವಲ್ಪ ಕಡಿಮೆಗೆ, 9.5 ಎಂಬಿಪಿಎಸ್ ಅಂತಿಟ್ಟುಕೊಳ್ಳಿ. ಆಪರೇಟರ್ ಈಥರ್‌ನೆಟ್ ಹೆಡರನ್ನೂ ಲೆಕ್ಕಕ್ಕೆ ಸೇರಿಸುತ್ತಿದ್ದರೆ ಆ ಅಂತರ ಬೇಕಾಗುತ್ತದೆ. ಶೇಪರ್ ಬಿಸಾಡುವುದಿಲ್ಲ, ಕಾಯಿಸುತ್ತದೆ. ಈಗ ಸಾಲು ನಿಮ್ಮ ರೌಟರಿನಲ್ಲೇ ಕಟ್ಟಿಕೊಳ್ಳುತ್ತದೆ. ಅದರೊಳಗೆ ನೀವು ಬರೆದ ಧ್ವನಿಯ ಪ್ರಿಯಾರಿಟಿ ಪಾಲಿಸಿ ಇಡಿ. ಶೇಪರ್ ಲೆಕ್ಕ ಹಾಕುವ ಅವಧಿ 10 ಮಿಲಿಸೆಕೆಂಡ್ ಅಥವಾ ಅದಕ್ಕಿಂತ ಕಡಿಮೆ ಇರಲಿ. ಜಾಸ್ತಿ ಇದ್ದರೆ ಅದೇ ಜಿಟರ್ ತರುತ್ತದೆ.

ಬ್ರಾಂಚಿಂದ ಹೋಗೋ ಧ್ವನಿ ಚೆನ್ನಾಗಿದೆ. ಹೆಡ್ ಆಫೀಸಿಂದ ಬರೋದು ಮಾತ್ರ ಒಡೆಯುತ್ತೆ. ಇದೂ ಅದೇನಾ?

ಸಂಬಂಧ ಇದೆ, ಆದರೆ ಜಾಗ ಬೇರೆ. ಬೆಂಗಳೂರಿನ ಹೆಡ್ ಆಫೀಸಿನಲ್ಲಿ 100 ಎಂಬಿಪಿಎಸ್, ಹುಬ್ಬಳ್ಳಿ ಬ್ರಾಂಚಿನಲ್ಲಿ 10 ಎಂದುಕೊಳ್ಳಿ. ಹೆಡ್ ಆಫೀಸಿನ ರೌಟರ್‌ಗೆ ತನ್ನ ಲಿಂಕ್ ಖಾಲಿ ಕಾಣುತ್ತದೆ. ಆಪರೇಟರ್‌ನ ಒಳಗೂ ಜಾಗ ಧಾರಾಳ. ಸಾಲು ಕಟ್ಟುವುದು ಹುಬ್ಬಳ್ಳಿಯ ಕಡೆಗೆ ಮುಖ ಮಾಡಿರುವ ಆಪರೇಟರ್ ರೌಟರಿನಲ್ಲಿ. ಅಲ್ಲಿ ನಿಮಗಾಗಿ ಕ್ಲಾಸ್ ಪ್ರಕಾರ ಕ್ಯೂ ಇಟ್ಟಿದ್ದಾರಾ, ಧ್ವನಿಗೆ ಎಷ್ಟು ಕೊಟ್ಟಿದ್ದಾರೆ ಎಂದು ಬರಹದಲ್ಲಿ ಕೇಳಿ ತೆಗೆದುಕೊಳ್ಳಿ. ಲಿಂಕ್ ಆರ್ಡರ್ ಮಾಡುವಾಗ ಕ್ಯೂಒಎಸ್ ಕಾಲಂ ಖಾಲಿ ಬಿಟ್ಟಿದ್ದರೆ ಎಲ್ಲವೂ ಒಂದೇ ಸಾಲಿನಲ್ಲಿ ಹೋಗುತ್ತಿರುತ್ತದೆ. ಆಪರೇಟರ್ ಒಪ್ಪದಿದ್ದರೆ ಹೆಡ್ ಆಫೀಸಿನಲ್ಲೇ ಬ್ರಾಂಚಿಗೊಂದು ಶೇಪರ್ ಹಾಕಬಹುದು. ಬ್ರಾಂಚಿಗೆ ಬೇರೆ ಕಡೆಯಿಂದಲೂ ಟ್ರಾಫಿಕ್ ಬರುತ್ತಿದ್ದರೆ ಅದು ಪೂರ್ತಿ ಕೆಲಸ ಮಾಡುವುದಿಲ್ಲ.

ಟೇಬಲ್ ಫೋನ್ ಚೆನ್ನಾಗಿ ಕೇಳುತ್ತೆ, ವೈಫೈ ಮೇಲಿನ ಲ್ಯಾಪ್‌ಟಾಪ್ ಕರೆ ಮಾತ್ರ ಕೆಡುತ್ತೆ. ಮಾರ್ಕಿಂಗ್ ಒಂದೇ ಇದೆ.

ಗಾಳಿಯಲ್ಲಿ ಹೋಗುವಾಗ ಡಿಎಸ್‌ಸಿಪಿ ಬದಲು ವೈಫೈನದೇ ಬೇರೆ ಗುರುತು ಇದೆ, 0ರಿಂದ 7ರ ತನಕ. ಬಹಳ ಸಾಧನಗಳು ಡಿಎಸ್‌ಸಿಪಿಯ ಮೊದಲ ಮೂರು ಬಿಟ್ ತೆಗೆದು ಹಾಗೇ ಹಾಕುತ್ತವೆ. 46 ಆಗ 5 ಆಗುತ್ತದೆ. ವೈಫೈನಲ್ಲಿ 5 ಅಂದರೆ ವಿಡಿಯೊ, ಧ್ವನಿಯ ಸಾಲು 6 ಮತ್ತು 7. ಹೀಗೆ ನಿಮ್ಮ ಧ್ವನಿ ವಿಡಿಯೊ ಸಾಲಿನಲ್ಲಿ ನಿಲ್ಲುತ್ತದೆ. 46ನ್ನು 6ಕ್ಕೆ ಹೊಂದಿಸಿ ಎಂದು 2018ರ ಆರ್‌ಎಫ್‌ಸಿ 8325 ಹೇಳುತ್ತದೆ. ಆಕ್ಸೆಸ್ ಪಾಯಿಂಟ್ ಕಂಟ್ರೋಲರಿನಲ್ಲಿ ಈ ಮ್ಯಾಪಿಂಗ್ ನೋಡಿ. ಸಿಗ್ನಲ್ಲೇ ದುರ್ಬಲ ಇದ್ದರೆ ಮಾತ್ರ ಯಾವ ಮ್ಯಾಪಿಂಗೂ ಉಪಯೋಗಕ್ಕೆ ಬರುವುದಿಲ್ಲ.

ಮನೆ ಬ್ರಾಡ್‌ಬ್ಯಾಂಡಲ್ಲಿ ನಾನೇ 46 ಹಾಕಿದ್ರೆ ಮೀಟಿಂಗ್ ಸರಿ ಹೋಗುತ್ತಾ?

ಸಾರ್ವಜನಿಕ ಇಂಟರ್ನೆಟ್‌ನಲ್ಲಿ ನಿಮ್ಮ ಗುರುತನ್ನು ಯಾರೂ ನಂಬುವುದಿಲ್ಲ. ಕೆಲವರು ಅಳಿಸುತ್ತಾರೆ, ಕೆಲವರು ಸುಮ್ನೆ ಬಿಟ್ಟುಬಿಡುತ್ತಾರೆ. ಮನೆಯ ತೊಂದರೆ ಹೆಚ್ಚಾಗಿ ರೌಟರ್‌ನ ದೊಡ್ಡ ಬಫರ್‌ನದು. ಫೋನಿನ ಫೋಟೊಗಳು ಅಪ್‌ಲೋಡ್ ಆಗುತ್ತಿರುವಾಗ ಪಿಂಗ್ ಹಾಕಿ ನೋಡಿ. 10 ಮಿಲಿಸೆಕೆಂಡ್ ಇದ್ದದ್ದು 300ಕ್ಕೆ ಏರಿದರೆ ಇದೇ ಕಾರಣ. ಎಫ್‌ಕ್ಯು-ಕೋಡೆಲ್ ಅಥವಾ ಕೇಕ್ (ಸಾಲು ಉದ್ದವಾಗದಂತೆ ನೋಡಿಕೊಳ್ಳುವ ವಿಧಾನಗಳು) ಇರುವ ರೌಟರ್ ತಂದು, ಅಪ್‌ಲೋಡ್ ಮಿತಿಯನ್ನು ನಿಮ್ಮ ಪ್ಲಾನ್‌ಗಿಂತ ಸ್ವಲ್ಪ ಕೆಳಗೆ ಇಟ್ಟರೆ ಸಾಕು. ಗುರುತು ಹಾಕುವ ರಗಳೆಯೇ ಬೇಡ.

## ಆಪರೇಟರ್‌ನ ಒಳಗೆ

ಎಲ್‌ಡಿಪಿಯೂ ಲೇಬಲ್ ಹಂಚುತ್ತೆ, ಆರ್‌ಎಸ್‌ವಿಪಿ-ಟಿಇಯೂ ಹಂಚುತ್ತೆ. ಧ್ವನಿಗೆ ಯಾವುದು ಬೇಕು?

ಎಲ್‌ಡಿಪಿ ಸರಳ. ಓಎಸ್‌ಪಿಎಫ್ ಅಥವಾ ಐಎಸ್-ಐಎಸ್ (ರೌಟರ್‌ಗಳು ಹತ್ತಿರದ ದಾರಿ ಹುಡುಕುವ ಪ್ರೋಟೊಕಾಲ್‌ಗಳು) ತೋರಿಸಿದ ದಾರಿಗೇ ಲೇಬಲ್ ಹಂಚುತ್ತದೆ. ಎಲ್ಲರಿಗೂ ಅದೇ ಹತ್ತಿರದ ದಾರಿ, ಅದು ತುಂಬಿದ್ದರೂ ಅದೇ. ಆರ್‌ಎಸ್‌ವಿಪಿ-ಟಿಇಯಲ್ಲಿ ‘ಇಷ್ಟು ಬ್ಯಾಂಡ್‌ವಿಡ್ತ್ ಇರುವ, ಇಂಥ ಲಿಂಕ್ ಬಿಟ್ಟು ಹೋಗುವ ದಾರಿ ಬೇಕು’ ಎಂದು ಕೇಳಬಹುದು. ಸುತ್ತಿನ ದಾರಿ ಖಾಲಿ ಇದ್ದರೆ ಬ್ಯಾಕಪ್ ಟ್ರಾಫಿಕನ್ನು ಅತ್ತ ತಿರುಗಿಸಿ, ಹತ್ತಿರದ ದಾರಿಯನ್ನು ಧ್ವನಿಗೆ ಉಳಿಸಿಕೊಳ್ಳಬಹುದು.

ಇಂಟರ್‌ವ್ಯೂಗಳಲ್ಲೂ ಜನ ಎಡವುವ ಒಂದು ವಿಷಯ ಇದೆ. ಟಿಇ ಟನಲ್‌ಗೆ (ಆರ್‌ಎಸ್‌ವಿಪಿ-ಟಿಇ ಕಟ್ಟಿದ ದಾರಿ) 50 ಎಂಬಿಪಿಎಸ್ ರಿಸರ್ವ್ ಮಾಡಿದರೆ ಅದು ಬರೀ ಪುಸ್ತಕದ ಲೆಕ್ಕ. ದಾರಿ ಹುಡುಕುವಾಗ ಆ 50ನ್ನು ಕಳೆಯುತ್ತಾರೆ ಅಷ್ಟೇ. ಟನಲ್ ಒಳಗೆ 80 ಎಂಬಿಪಿಎಸ್ ಬಂದರೆ ಅದಾಗಿಯೇ ಯಾರೂ ತಡೆಯುವುದಿಲ್ಲ. ದಟ್ಟಣೆಯಲ್ಲಿ ಧ್ವನಿಯನ್ನು ಕಾಪಾಡುವುದು ಪ್ರತಿ ರೌಟರಿನ ಕ್ಯೂ ಮತ್ತು ಆ 3 ಬಿಟ್. ದಾರಿಯೂ ಬೇಕು, ಕ್ಯೂವೂ ಬೇಕು.

ಎಲ್ಲೋ ಜೆಸಿಬಿ ಫೈಬರ್ ಕಿತ್ತು ಹಾಕಿದ್ರೆ ನಡೀತಿರೋ ಕರೆ ಕಟ್ ಆಗುತ್ತಾ?

ಫಾಸ್ಟ್ ರೀರೌಟ್ ಇದ್ದರೆ ಗೊತ್ತೂ ಆಗದಿರಬಹುದು. ಬದಲಿ ದಾರಿಯನ್ನು ಮೊದಲೇ ಲೆಕ್ಕ ಹಾಕಿ, ಲೇಬಲ್ ಸಮೇತ ಸಿದ್ಧವಾಗಿ ಇಟ್ಟಿರುತ್ತಾರೆ. ಫೈಬರ್ ಕಟ್ ಆದ ಜಾಗದ ಪಕ್ಕದ ರೌಟರ್, ಬೆಳಕು ಹೋದದ್ದು ತಿಳಿದ ಕೂಡಲೇ ಮೇಲೊಂದು ಲೇಬಲ್ ಹೇರಿ ಆ ದಾರಿಗೆ ತಿರುಗಿಸುತ್ತದೆ. ಗುರಿ 50 ಮಿಲಿಸೆಕೆಂಡ್. ಅದು ಹಳೆಯ ಫೈಬರ್ ವ್ಯವಸ್ಥೆಯಾದ ಎಸ್‌ಡಿಎಚ್ ಕಾಲದಿಂದ ಬಂದ ಅಳತೆ. ಧ್ವನಿಯ ಲೆಕ್ಕದಲ್ಲಿ ಎರಡು ಮೂರು ಪ್ಯಾಕೆಟ್, ಒಂದು ಚಿಕ್ಕ ಚಿಟಿಕೆಯ ಸದ್ದು.

ಕಟ್ ಆದದ್ದು ರೌಟರ್‌ಗೆ ನೇರವಾಗಿ ಕಾಣದಿದ್ದರೆ ಕತೆ ಬೇರೆ. ನಡುವೆ ಒಂದು ಸ್ವಿಚ್ ಇದ್ದು ರೌಟರಿನ ಪೋರ್ಟ್ ಚಾಲೂ ಆಗಿಯೇ ಇದ್ದರೆ, ಓಎಸ್‌ಪಿಎಫ್ ತನ್ನ ಮಾಮೂಲಿ ಟೈಮರ್‌ನಲ್ಲಿ 40 ಸೆಕೆಂಡ್ ಕಾಯುತ್ತದೆ. ಅಷ್ಟರಲ್ಲಿ ಮಾತಾಡುತ್ತಿದ್ದವರು ಫೋನ್ ಇಟ್ಟಿರುತ್ತಾರೆ. ಅಂಥ ಕಡೆ ಲಿಂಕ್ ಹೋದದ್ದನ್ನು ಬೇಗ ಪತ್ತೆ ಮಾಡುವ ಬಿಎಫ್‌ಡಿ ಬೇಕೇ ಬೇಕು.

ನಾವು ಹಾಕಿದ ಡಿಎಸ್‌ಸಿಪಿ ಆ ಕಡೆ ಅದೇ ಥರ ಹೊರಗೆ ಬರುತ್ತಾ?

ಆಪರೇಟರ್ ಯಾವ ಮಾದರಿ ಹಿಡಿದಿದ್ದಾರೆ ಎಂಬುದರ ಮೇಲಿದೆ. 2002ರ ಆರ್‌ಎಫ್‌ಸಿ 3270ರಲ್ಲಿ ಈ ಮಾದರಿಗಳಿವೆ. ಯೂನಿಫಾರ್ಮ್‌ನಲ್ಲಿ ಒಳಗೆ ಯಾರಾದರೂ ಲೇಬಲ್‌ನ ಗುರುತು ಬದಲಿಸಿದರೆ ಹೊರಗೆ ಬರುವಾಗ ನಿಮ್ಮ ಡಿಎಸ್‌ಸಿಪಿಯೂ ಬದಲಾಗುತ್ತದೆ. ಪೈಪ್‌ನಲ್ಲಿ ನಿಮ್ಮ ಗುರುತು ಮುಟ್ಟದೆ ಉಳಿಯುತ್ತದೆ, ಆದರೆ ಕೊನೆಯ ರೌಟರಿನ ಕ್ಯೂ ಆಪರೇಟರ್‌ನ ಗುರುತಿನ ಪ್ರಕಾರ ನಡೆಯುತ್ತದೆ. ಶಾರ್ಟ್ ಪೈಪ್‌ನಲ್ಲಿ ಗುರುತೂ ಉಳಿಯುತ್ತದೆ, ಕೊನೆಯ ಕ್ಯೂ ಕೂಡ ನಿಮ್ಮ ಗುರುತನ್ನೇ ನೋಡುತ್ತದೆ. ಕಂಪನಿಗಳ ವಿಪಿಎನ್‌ಗೆ ಶಾರ್ಟ್ ಪೈಪ್ ಒಳ್ಳೆಯದು ಅನ್ನೋದು ನನ್ನ ಅನಿಸಿಕೆ. ಪರೀಕ್ಷೆ ಸುಲಭ: ಎರಡೂ ತುದಿಯಲ್ಲಿ ವೈರ್‌ಶಾರ್ಕ್ (ಪ್ಯಾಕೆಟ್ ಹಿಡಿದು ತೋರಿಸುವ ಸಾಫ್ಟ್‌ವೇರ್) ಹಾಕಿ, ಒಂದೇ ಕರೆಯ ಡಿಎಸ್‌ಸಿಪಿ ಹೋಲಿಸಿ.

ಎಂಪಿಎಲ್‌ಎಸ್ ವಿಪಿಎನ್ ಅಂದ್ಮೇಲೆ ಎನ್‌ಕ್ರಿಪ್ಟ್ ಆಗಿರುತ್ತೆ ಅಲ್ವಾ?

ಇಲ್ಲ. ಒಂದು ಲೇಬಲ್ ದಾರಿ ಹೇಳುತ್ತದೆ, ಒಳಗಿನ ಇನ್ನೊಂದು ಲೇಬಲ್ ಯಾವ ಗಿರಾಕಿಯದು ಎಂದು ಹೇಳುತ್ತದೆ. ಗಿರಾಕಿಗಳು ಬೆರೆಯದಂತೆ ಬೇರ್ಪಡಿಸುವುದು ಅಷ್ಟೇ ಅದರ ಕೆಲಸ. ಆಪರೇಟರ್ ಒಳಗೆ ನಿಮ್ಮ ಡೇಟಾ ಬಿಚ್ಚಿಟ್ಟಂತೆಯೇ ಹೋಗುತ್ತದೆ. ಗುಟ್ಟಾಗಿರಬೇಕಾದರೆ ಮೇಲೆ ಐಪಿಸೆಕ್ ಹಾಕಿ, ಧ್ವನಿಗೆ ಎಸ್‌ಆರ್‌ಟಿಪಿ ಬಳಸಿ. ಐಪಿಸೆಕ್ ಹಾಕುವಾಗ ಡಿಎಸ್‌ಸಿಪಿ ಹೊರಗಿನ ಹೆಡರ್‌ಗೆ ಕಾಪಿ ಆಗುತ್ತಿದೆಯಾ ಎಂದು ನೋಡಲು ಮರೆಯಬೇಡಿ.

ಪಿಂಗ್ ಹೋಗುತ್ತೆ, ಲಾಗಿನ್ ಪೇಜ್ ಬರುತ್ತೆ, ದೊಡ್ಡ ಪೇಜ್ ಮಾತ್ರ ಅರ್ಧಕ್ಕೆ ನಿಲ್ಲುತ್ತೆ.

ಎಂಟಿಯು, ಅಂದರೆ ಒಂದು ಲಿಂಕ್ ಸಾಗಿಸುವ ಅತಿ ದೊಡ್ಡ ಪ್ಯಾಕೆಟ್‌ನ ಅಳತೆ ನೋಡಿ. ಎರಡು ಲೇಬಲ್ ಸೇರಿದರೆ 1500 ಬೈಟಿನ ಪ್ಯಾಕೆಟ್ 1508 ಆಗುತ್ತದೆ. ಒಳಗೆ ಯಾವುದೋ ಒಂದು ಲಿಂಕ್ 1500ಕ್ಕೇ ನಿಂತಿದ್ದರೆ ದೊಡ್ಡ ಪ್ಯಾಕೆಟ್ ಅಲ್ಲಿ ಬೀಳುತ್ತದೆ. ತುಂಡು ಮಾಡಬೇಡ ಎಂಬ ಆಯ್ಕೆ ಕೊಟ್ಟು 1472 ಬೈಟ್ (ಹೆಡರ್ ಸೇರಿ 1500) ಪಿಂಗ್ ಹಾಕಿ, ಹೋಗದಿದ್ದರೆ ಇಳಿಸುತ್ತಾ ಬನ್ನಿ. ಧ್ವನಿ ಪ್ಯಾಕೆಟ್ ಚಿಕ್ಕದಾದ್ದರಿಂದ ಫೋನ್ ಚೆನ್ನಾಗಿರುತ್ತದೆ, ಅದೂ ಒಂದು ಸುಳಿವು.

## ಸುತ್ತಮುತ್ತ

ಮೊಬೈಲ್ ವೋಲ್ಟಿಗೂ ಇದಕ್ಕೂ ಸಂಬಂಧ ಇದೆಯಾ?

ನೇರ ಸಂಬಂಧ ಇದೆ. 4ಜಿ ವೋಲ್ಟಿಯಲ್ಲಿ ನಿಮ್ಮ ಮಾತು ಐಪಿ ಪ್ಯಾಕೆಟ್ ಆಗಿಯೇ ಹೋಗುತ್ತದೆ. ಜಿಯೊ 2016ರ ಸೆಪ್ಟೆಂಬರಿನಲ್ಲಿ ಶುರುವಾದಾಗ ಅದರಲ್ಲಿ ಹಳೆಯ 2ಜಿ, 3ಜಿ ಕರೆಗಳೇ ಇರಲಿಲ್ಲ. ಕರೆ ಶುರುವಾದಾಗ ಫೋನ್‌ಗೆ ಕ್ಯೂಸಿಐ 1 ಎಂಬ ಪ್ರತ್ಯೇಕ ಬೇರರ್ (ಡೇಟಾ ಸಾಗುವ ದಾರಿ) ಸಿಗುತ್ತದೆ. ಅದಕ್ಕೆ 100 ಮಿಲಿಸೆಕೆಂಡಿನ ತಡದ ಮಿತಿ, ಖಚಿತ ಬಿಟ್ ರೇಟ್. ಸಾಮಾನ್ಯ ಡೇಟಾ ಹೋಗುವ ಕ್ಯೂಸಿಐ 9ಕ್ಕೆ 300. ಟವರ್‌ನಿಂದ ಹಿಂದಕ್ಕೆ ಹೋಗುವ ಲಿಂಕಿನಲ್ಲಿ ಈ ಗುರುತು ಡಿಎಸ್‌ಸಿಪಿ ಆಗಿ, ಅಲ್ಲಿ ಎಂಪಿಎಲ್‌ಎಸ್ ಇದ್ದರೆ ಆಮೇಲೆ ಲೇಬಲ್‌ನ 3 ಬಿಟ್ ಆಗಿ ಬದಲಾಗುತ್ತದೆ. ಅದೇ ಫೋನಿನಲ್ಲಿ ವಾಟ್ಸ್ಆ್ಯಪ್ ಕರೆ ಮಾಡಿದರೆ ಈ ಉಪಚಾರ ಇಲ್ಲ, ಅದು ಉಳಿದ ಡೇಟಾದ ಜೊತೆಗೇ ಹೋಗುತ್ತದೆ.

ಒಂದು ಟ್ರಾಫಿಕನ್ನ ಮುಂದೆ ಬಿಡೋದು ನೆಟ್ ನ್ಯೂಟ್ರಾಲಿಟಿಗೆ ವಿರುದ್ಧ ಅಲ್ವಾ?

ನಿಮ್ಮ ಕಂಪನಿಯ ಸ್ವಂತ ವಿಪಿಎನ್ ಒಳಗೆ ನಿಮ್ಮ ಧ್ವನಿಯನ್ನು ನೀವೇ ಮುಂದೆ ಬಿಡುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಸಾರ್ವಜನಿಕ ಇಂಟರ್ನೆಟ್ ವಿಷಯದಲ್ಲಿ ಟೆಲಿಕಾಂ ನಿಯಂತ್ರಕ ಟ್ರಾಯ್ 2017ರ ನವೆಂಬರಿನಲ್ಲಿ ಶಿಫಾರಸು ಮಾಡಿತು, 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಒಪ್ಪಿತು. ತಾರತಮ್ಯ ಕೂಡದು ಎಂಬುದು ಅದರ ಮೂಲ. ಸಕಾರಣವಾದ ಟ್ರಾಫಿಕ್ ನಿರ್ವಹಣೆಗೆ, ಕೆಲವು ವಿಶೇಷ ಸೇವೆಗಳಿಗೆ ಅದರಲ್ಲಿ ಅವಕಾಶ ಇದೆ. ಒಂದು ಕಂಪನಿಯ ವಿಡಿಯೊ ಮುಂದೆ ಬಿಟ್ಟು ಇನ್ನೊಂದರದ್ದು ತಡೆಯುವುದು ತಪ್ಪು. ಆ ಗೆರೆ ಇರಬೇಕಾದ್ದೇ.

ಎಸ್‌ಡಿ-ವ್ಯಾನ್, ಸೆಗ್ಮೆಂಟ್ ರೌಟಿಂಗ್ ಎಲ್ಲ ಬಂದಿದೆ. ಈಗಲೂ ಎಂಪಿಎಲ್‌ಎಸ್ ಕಲಿಯಬೇಕಾ ಮೇಡಂ?

ಕಲಿಯಿರಿ. ಎಸ್‌ಡಿ-ವ್ಯಾನ್ ಎರಡು ಮೂರು ಲಿಂಕ್‌ಗಳ ತಡ, ಜಿಟರ್, ನಷ್ಟ ಅಳೆದು ಆಗ ಚೆನ್ನಾಗಿರುವ ಕಡೆ ಕರೆ ಕಳಿಸುತ್ತದೆ. ದುಬಾರಿ ಲಿಂಕಿನ ಬದಲು ಎರಡು ಬ್ರಾಡ್‌ಬ್ಯಾಂಡ್ ಹಾಕಿಕೊಂಡು ಚೆನ್ನಾಗಿ ನಡೆಯುವ ಆಫೀಸುಗಳಿವೆ. ಆದರೆ ನಡುವಿನ ಇಂಟರ್ನೆಟ್ ಮೇಲೆ ನಿಮಗೆ ಹಿಡಿತ ಇಲ್ಲ. ಎರಡೂ ಒಟ್ಟಿಗೆ ಕೆಟ್ಟ ದಿನ ಆರಿಸಿಕೊಳ್ಳಲು ಒಳ್ಳೆಯದೇ ಇರುವುದಿಲ್ಲ. ಕಾಲ್ ಸೆಂಟರ್‌ನಂಥ ಕಡೆ ಒಂದು ಎಂಪಿಎಲ್‌ಎಸ್, ಒಂದು ಇಂಟರ್ನೆಟ್ ಇಟ್ಟುಕೊಳ್ಳಿ ಎಂದೇ ನಾನು ಹೇಳುವುದು.

ಸೆಗ್ಮೆಂಟ್ ರೌಟಿಂಗ್‌ನ ಒಂದು ರೂಪ ಇದೇ ಲೇಬಲ್‌ಗಳನ್ನೇ ಬಳಸುತ್ತದೆ. ಪೂರ್ತಿ ದಾರಿಯನ್ನು ಮೊದಲ ರೌಟರೇ ಲೇಬಲ್‌ಗಳ ಪೇರಿಕೆಯಾಗಿ ಬರೆದುಬಿಡುತ್ತದೆ, ಎಲ್‌ಡಿಪಿ ಆರ್‌ಎಸ್‌ವಿಪಿ ಎರಡೂ ಬೇಡ. ಆ 3 ಬಿಟ್, ಆ ಕ್ಯೂಗಳು, ಆ ಶೇಪರ್ ಎಲ್ಲ ಹಾಗೇ ಇವೆ.

ಧ್ವನಿ ಸರಿ ಇಲ್ಲ ಅಂತ ದೂರು ಬಂದಾಗ ಎಲ್ಲಿಂದ ಶುರು ಮಾಡ್ಲಿ?

ಮೊದಲು ಯಾವ ದಿಕ್ಕು ಕೆಟ್ಟಿದೆ ಎಂದು ಕೇಳಿ. ‘ಅವರಿಗೆ ನಾನು ಸರಿಯಾಗಿ ಕೇಳಿಸ್ತಿಲ್ಲ’ ಅನ್ನೋದೂ ‘ನನಗೆ ಅವರು ಕೇಳಿಸ್ತಿಲ್ಲ’ ಅನ್ನೋದೂ ಬೇರೆ ಬೇರೆ ಕ್ಯೂಗಳ ಕತೆ. ಆಮೇಲೆ ಸಮಯ. ದಿನವಿಡೀ ಕೆಟ್ಟಿದ್ದರೆ ಲಿಂಕ್ ದೋಷ ಅಥವಾ ಡ್ಯೂಪ್ಲೆಕ್ಸ್ (ಎರಡೂ ದಿಕ್ಕಿಗೆ ಒಟ್ಟಿಗೆ ಕಳಿಸಬಹುದೇ ಎಂಬ ಸೆಟ್ಟಿಂಗ್) ಹೊಂದದಿರುವುದು, ಕೆಲವು ಹೊತ್ತು ಮಾತ್ರ ಆದರೆ ದಟ್ಟಣೆ.

ಬರೀ ಪಿಂಗ್ ನಂಬಬೇಡಿ, ಅದು ಸಾಮಾನ್ಯ ಸಾಲಿನಲ್ಲಿ ಹೋಗುತ್ತದೆ. 46 ಗುರುತು ಹಾಕಿದ್ದನ್ನೂ ಹಾಕದ್ದನ್ನೂ ಒಟ್ಟಿಗೆ ಕಳಿಸಿ ಅಳೆಯಿರಿ. ಐಪಿ ಎಸ್‌ಎಲ್‌ಎ ಅಥವಾ ಟ್ವಾಂಪ್ ಎಂಬ ಅಳತೆಯ ವಿಧಾನಗಳಲ್ಲಿ ಇದು ಸುಲಭ. ದಟ್ಟಣೆಯ ಹೊತ್ತಿನಲ್ಲಿ ಎರಡರ ತಡವೂ ಒಂದೇ ಥರ ಏರಿದರೆ ಎಲ್ಲೋ ನಿಮ್ಮ ಗುರುತಿಗೆ ಬೆಲೆ ಸಿಗುತ್ತಿಲ್ಲ. ಹಾಕಿದ್ದು ಸ್ಥಿರವಾಗಿದ್ದು ಹಾಕದ್ದು ಮಾತ್ರ ಏರಿದರೆ ಕ್ಯೂಒಎಸ್ ಕೆಲಸ ಮಾಡುತ್ತಿದೆ. ಆಗ ವೈಫೈ, ಹೆಡ್‌ಸೆಟ್, ಲ್ಯಾಪ್‌ಟಾಪ್ ಕಡೆ ತಿರುಗಿ. ಆಪರೇಟರ್‌ಗೆ ಬರೆಯುವಾಗ ‘ವಾಯ್ಸ್ ಪ್ರಾಬ್ಲಂ’ ಎಂದು ಬರೆದರೆ ಟಿಕೆಟ್ ಅಲ್ಲೇ ಕೊಳೆಯುತ್ತದೆ. ದಿಕ್ಕು, ಹೊತ್ತು, ಎರಡೂ ತುದಿಯ ಡಿಎಸ್‌ಸಿಪಿ, ಈ ಎರಡು ಅಳತೆಯ ಗ್ರಾಫ್, ನಿಮ್ಮ ಶೇಪರ್‌ನ ಔಟ್‌ಪುಟ್ ಇಷ್ಟನ್ನೂ ಮೊದಲ ಮೇಲ್‌ನಲ್ಲೇ ಸೇರಿಸಿ ಕಳಿಸಿ.